ನಿಂತಾಗ ನಡುಗುವ ಕಾರು

ಮಾರ್ಚ್ ೩, ಸೋಮವಾರ

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಮುಂದೆಂದೋ ಈ ದಿನಚರಿಯನ್ನು ಕಪಾಟಿನ ಹಿಂದಿನಿಂದ ಎಳೆದು ಧೂಳು ಕೊಡವಿ ಇದರ ಮೇಲೆ ಪ್ರಬಂಧ ಮಂಡಿಸಲಿರುವ ವಿದ್ವಾಂಸರೇ, ತಮಗೆಲ್ಲ ಹಾರ್ದಿಕ ಸ್ವಾಗತ. ಸ್ಥಳಾವಕಾಶಕ್ಕೆ ಕೊರತೆಯಿಲ್ಲ. ಈ ಮನೆಯಲ್ಲಿ ಆರು ಕುರ್ಚಿಗಳಿವೆ, ಕೂರುವವನು ನಾನೊಬ್ಬನೇ.

ಇಂದಿನ ಸಭೆಯ ವಿಷಯ: ಅಕ್ಕನ ಕಾರು.

ಕಾರಿಗೆ ಇಪ್ಪತ್ತೆರಡು ವರ್ಷ. ಓಡುವಾಗ ತಕರಾರಿಲ್ಲ. ಸಿಗ್ನಲ್ಲಿನಲ್ಲಿ ನಿಂತಿತೋ, ಶುರು. ಎಂಜಿನ್ನಿನ ವೇಗ ತೋರಿಸುವ ಮುಳ್ಳು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಸ್ಟೀರಿಂಗು ಹಲ್ಲು ಕಡಿಯುತ್ತದೆ. ಕೊನೆಗೆ ಒಮ್ಮೆ ಮೈ ಕೊಡವಿ ಎಂಜಿನ್ ಆರಿಹೋಗುತ್ತದೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ.

ನನಗಿಂತ ಏಳು ವರ್ಷ ದೊಡ್ಡವಳಾದ, ನನ್ನನ್ನು ಸಾಕಿ ಓದಿಸಿದ ಅಕ್ಕ ಈ ಜನವರಿಯಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ, ಮದುವೆಯಾದಳು. ಹುಡುಗನಿಗೆ ಐವತ್ತಾರು. ಎರಡೂವರೆ ಗಂಟೆ ದೂರದ ಊರಿನಲ್ಲಿ ಕನ್ನಡಕದ ಅಂಗಡಿ. ಸಹಿ ಹಾಕಲು ನೋಂದಣಿ ಕಚೇರಿಗೆ ಹೋಗುವಾಗ ಕಾರು ದಾರಿಯಲ್ಲಿ ಮೂರು ಸಲ ಆಫ್ ಆಯಿತು. ಅಕ್ಕ ಹೊಸ ಬಟ್ಟೆಯಲ್ಲೇ ಬಾನೆಟ್ ಎತ್ತಿ ನೋಡಿ ಹೇಳಿದಳು: "ಪುಟ್ಟಾ, ಇದನ್ನ ರಿಪೇರಿ ಮಾಡಿಸಿಡು. ಸರಿಯಾದ್ಮೇಲೆ ಹೇಳು, ಬಂದು ತಗೊಂಡು ಹೋಗ್ತೀನಿ. ಅಲ್ಲೀವರೆಗೂ ನೀನೇ ಓಡಿಸು."

ನಲವತ್ತೈದು ವರ್ಷದ ಪುಟ್ಟ ತಲೆಯಾಡಿಸಿದ. ಓಡಿಸು ಅಂದದ್ದು ತಮಾಷೆಗೇ ಇರಬೇಕು. ನನ್ನ ಲೈಸೆನ್ಸು ಇಪ್ಪತ್ತು ವರ್ಷದಿಂದ ಪರ್ಸಿನೊಳಗೆ ಬೆಚ್ಚಗಿದೆ. ಸ್ಟೀರಿಂಗು ಯಾವತ್ತೂ ಅಕ್ಕನ ಕೈಯಲ್ಲೇ. ಪಕ್ಕದಲ್ಲಿ ಕೂತು "ಈ ಕಡೆಯಿಂದ ಯಾರೂ ಬರ್ತಿಲ್ಲ" ಎನ್ನುವ ಹುದ್ದೆ ನನ್ನದು.

ಸಭೆಯ ಮನರಂಜನೆಗಾಗಿ ಒಂದು ಪದ್ಯ:

ಓಡುವಾಗ ಗಂಭೀರ, ನಿಂತಾಗ ಜ್ವರ;
ಇದು ಕಾರೋ, ನಮ್ಮ ಸಾಹೇಬರೋ, ದೇವರೇ ಬಲ್ಲ ವಿವರ.

ಮಾರ್ಚ್ ೫, ಬುಧವಾರ

ಸಭಿಕರೇ, ನನ್ನ ಉದ್ಯೋಗದ ಬಗ್ಗೆ ಒಂದು ಮಾತು. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಉತ್ತರ ಬರೆಯುವವನು ನಾನು. ಜನ ನೀರು ಬಂದಿಲ್ಲ ಎಂದು ಬರೆಯುತ್ತಾರೆ. ನಾನು ‘ತಮ್ಮ ದೂರು ಪರಿಶೀಲನೆಯಲ್ಲಿದೆ’ ಎಂದು ಬರೆಯುತ್ತೇನೆ. ಹತ್ತೊಂಬತ್ತು ವರ್ಷದಿಂದ ಎಲ್ಲವೂ ಪರಿಶೀಲನೆಯಲ್ಲಿದೆ.

ಅಕ್ಕ ಮೊದಲ ವಾರ ದಿನಾ ಫೋನ್ ಮಾಡುತ್ತಿದ್ದಳು. ಅಡುಗೆ ಮಾಡ್ಕೊಂಡ್ಯಾ, ಗ್ಯಾಸ್ ಆರಿಸಿದ್ಯಾ, ಬಾಗಿಲು ಹಾಕಿದ್ಯಾ. ಆಮೇಲೆ ದಿನ ಬಿಟ್ಟು ದಿನ. ಈಗ ಶನಿವಾರ ಸಂಜೆ ಒಂದು ಸಲ. ಮೊದಲ ಪ್ರಶ್ನೆ: "ಕಾರು ಏನಾಯ್ತು?" ಎರಡನೆಯ ಪ್ರಶ್ನೆ ಸಾಮಾನ್ಯವಾಗಿ ಇರುವುದಿಲ್ಲ.

ಅದು ಸಹಜ. ಹೊಸ ಸಂಸಾರ. ನಾನು ದೂರುವುದಿಲ್ಲ. ದೂರಿದರೂ ಉತ್ತರ ಬರೆಯಬೇಕಾದವನು ನಾನೇ.

ಮಾರ್ಚ್ ೮, ಶನಿವಾರ

ಕಾರನ್ನು ಮೇಸ್ತ್ರಿಯ ಶೆಡ್ಡಿಗೆ ಒಯ್ದೆ. ಮೂರು ಬೀದಿ ದಾಟಲು ನಲವತ್ತು ನಿಮಿಷ, ಅಂಗಿಯೆಲ್ಲ ಒದ್ದೆ. ಮೇಸ್ತ್ರಿ ಒಬ್ಬನೇ ಕೆಲಸ ಮಾಡುವ ಮನುಷ್ಯ. ಮಾತಿಗೆ ಮುಂಚೆ ಕಿವಿ ಕೊಡುತ್ತಾನೆ. ಕಣ್ಣು ಮುಚ್ಚಿ ಎಂಜಿನ್ ಕೇಳಿದ. ಆಮೇಲೆ ಗಾಳಿ ಒಳಗೆ ಹೋಗುವ ಬಾಯಿಯನ್ನು ಬಿಚ್ಚಿ ತೋರಿಸಿದ. ಒಲೆಯ ಚಿಮಣಿಯಷ್ಟು ಮಸಿ.

"ಇಷ್ಟು ವರ್ಷ ಹೇಗೆ ಓಡ್ತಪ್ಪಾ ಇದು?" ಎಂದೆ.

"ಕಂಪ್ಯೂಟರ್ ಇದೆಯಲ್ಲ ಸಾರ್ ಒಳಗೆ. ಮಸಿ ಕಟ್ಟಿದ ಹಾಗೆಲ್ಲ ಅದು ಒಂಚೂರು ಒಂಚೂರು ಹೊಂದಿಸ್ಕೊಂಡು ಬಂದಿದೆ. ಗಾಳಿ ಕಮ್ಮಿ ಆಯ್ತಾ, ಪಕ್ಕದ ಕಿಂಡಿ ಇನ್ನೊಂದು ಸ್ವಲ್ಪ ತೆಗಿ. ಇನ್ನೂ ಕಮ್ಮಿ ಆಯ್ತಾ, ಇನ್ನೂ ತೆಗಿ. ಈಗ ತೆಗೆಯೋಕೆ ಏನೂ ಉಳಿದಿಲ್ಲ, ಅದಕ್ಕೇ ಸುಸ್ತಾಗಿದೆ."

"ಇಷ್ಟು ಹಳೇ ಕಾರಲ್ಲೂ ಕಲಿಯೋ ಕಂಪ್ಯೂಟರಾ?"

"ಹಳೇದು ಅಂದ್ರೆ ದಡ್ಡ ಅಂತಲ್ಲ ಸಾರ್."

ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂತು. "ಹಾಗಾದ್ರೆ ನಮ್ಮಕ್ಕ ಓಡಿಸೋ ರೀತಿನೂ ಅದಕ್ಕೆ ಗೊತ್ತಿರುತ್ತಾ?"

ಅವನು ಬಟ್ಟೆಯಲ್ಲಿ ಕೈ ಒರೆಸುತ್ತ ನಕ್ಕ. "ಅದಕ್ಕೆ ಅಕ್ಕ ಯಾರು ತಮ್ಮ ಯಾರು ಗೊತ್ತಿಲ್ಲ. ಗಾಳಿ ಎಷ್ಟು, ಪೆಟ್ರೋಲ್ ಎಷ್ಟು, ನಿಂತಾಗ ಎಷ್ಟು ಬೇಕು, ಇಷ್ಟೇ ಅದರ ಪ್ರಪಂಚ."

ಮಸಿಯೆಲ್ಲ ತೊಳೆದ. ತೊಳೆದ ಮೇಲೆ ಹಳೆಯ ಲೆಕ್ಕಾಚಾರ ಇಟ್ಟುಕೊಂಡರೆ ಎಂಜಿನ್ ಸುಮ್ಮನೆ ಕಿರುಚಾಡುತ್ತದಂತೆ, ಏಕೆಂದರೆ ಕಂಪ್ಯೂಟರು ಇನ್ನೂ ಮಸಿ ಇದೆ ಎಂದೇ ನಂಬಿರುತ್ತದೆ. ಹಾಗಾಗಿ ಬ್ಯಾಟರಿಯ ಒಂದು ತಂತಿ ಬಿಚ್ಚಿ, ಅರ್ಧ ಗಂಟೆ ಬಿಟ್ಟು, ಮತ್ತೆ ಹಾಕಿದ. ಕಲಿತದ್ದೆಲ್ಲ ಮರೆತುಹೋಯಿತು. ಡ್ಯಾಶ್‌ಬೋರ್ಡಿನ ಗಡಿಯಾರವೂ ಒಂದು ಗಂಟೆಯಿಂದ ಹೊಸದಾಗಿ ಶುರುವಾಯಿತು. ಅದನ್ನು ಅವನೇ ಸರಿ ಮಾಡಿದ.

"ಈಗ ಇದು ಎಳೇ ಕೂಸು. ಮೊದಮೊದಲು ನಡುಗುತ್ತೆ, ಸಿಗ್ನಲ್ಲಲ್ಲಿ ಆಫೂ ಆಗುತ್ತೆ, ಹೆದರ್ಬೇಡಿ. ಬೆಳಿಗ್ಗೆ ಹತ್ತು ನಿಮಿಷ ಆಕ್ಸಿಲರೇಟರ್ ಮುಟ್ಟದೆ ಸುಮ್ಮನೆ ನಿಲ್ಸಿ. ಆಮೇಲೆ ಲೈಟು, ಫ್ಯಾನು ಹಾಕಿ ಇನ್ನೊಂದು ಸ್ವಲ್ಪ ಹೊತ್ತು. ಮೂರು ನಾಲ್ಕು ದಿನ ಊರೆಲ್ಲ ಸುತ್ತಿ. ತಾನೇ ಕಲಿಯುತ್ತೆ."

ಸಂಜೆ ಅಕ್ಕನಿಗೆ ಇದನ್ನೆಲ್ಲ ವಿವರಿಸಿದೆ. ಇಪ್ಪತ್ಮೂರು ನಿಮಿಷ ಮಾತು! ಮಸಿಗೇ ಆರು ನಿಮಿಷ ಹಿಡಿಯಿತು. ಬಹಳ ಕೇಳಿದಳು, ಬಹಳ ನಕ್ಕಳು.

ಮಾರ್ಚ್ ೧೨, ಬುಧವಾರ

ಸರಿಹೋಯಿತು. ಇವತ್ತು ಐದು ಸಿಗ್ನಲ್ಲಿನಲ್ಲಿ ನಿಂತೆ, ಐದರಲ್ಲೂ ಮುಳ್ಳು ಮಿಸುಕಲಿಲ್ಲ.

ಮನೆಗೆ ಬಂದು ಎಂಜಿನ್ ಆರಿಸಿ ಒಳಗೇ ಕೂತಿದ್ದೆ. ಎಷ್ಟು ಹೊತ್ತೋ ತಿಳಿಯದು.

ಮಾರ್ಚ್ ೧೬, ಭಾನುವಾರ

ನ್ಯಾಯಮೂರ್ತಿಗಳು ಸಭೆಯಲ್ಲಿದ್ದರೆ ದಯವಿಟ್ಟು ಗಮನಿಸಬೇಕು.

ನಿನ್ನೆ ಅಕ್ಕನ ಫೋನು. "ಕಾರು ಏನಾಯ್ತೋ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಸರಿಹೋಯ್ತು ಅಂದರೆ ಮುಂದಿನ ಭಾನುವಾರ ಬರುತ್ತಾಳೆ, ಚಹಾ ಕುಡಿಯುತ್ತಾಳೆ, ಕಾರು ತೆಗೆದುಕೊಂಡು ಹೋಗುತ್ತಾಳೆ. ಅದಾದ ಮೇಲಿನ ಶನಿವಾರ ಏನೆಂದು ಫೋನ್ ಮಾಡುತ್ತಾಳೆ? ನನ್ನ ಬಗ್ಗೆ ವಿಚಾರಿಸಲು ಏನಿದೆ? ನಾನು ರಿಪೇರಿಗೆ ಬಂದಿಲ್ಲ.

"ಇನ್ನೂ ಸ್ವಲ್ಪ ನಡುಗುತ್ತೆ" ಎಂದೆ.

"ಅಯ್ಯೋ! ಮೇಸ್ತ್ರಿ ಏನಂತಾನೆ?"

ಹದಿನೆಂಟು ನಿಮಿಷ ಮಾತಾಡಿದೆವು.

ಸುಳ್ಳು ಹೇಳುವುದು ನನ್ನ ಸ್ವಭಾವವಲ್ಲ. ಹೇಳಿಬಿಟ್ಟ ಸುಳ್ಳನ್ನು ನಿಜ ಮಾಡುವುದು ಬೇರೆ ವಿಷಯ. ಇವತ್ತು ಬೆಳಿಗ್ಗೆ ಹತ್ತನೇ ನಂಬರಿನ ಸ್ಪ್ಯಾನರು ಹಿಡಿದು ಬಾನೆಟ್ ಎತ್ತಿ ಬ್ಯಾಟರಿಯ ತಂತಿ ಬಿಚ್ಚಿದೆ. ಅರ್ಧ ಗಂಟೆ ಪೇಪರು ಓದಿ ಮತ್ತೆ ಹಾಕಿದೆ. ಎಂಜಿನ್ ಶುರು ಮಾಡಿದರೆ ಅದೇ ನಡುಕ, ಅದೇ ಜ್ವರ. ಮೇಸ್ತ್ರಿಗೂ ಫೋನ್ ಮಾಡಿ, ಅಕ್ಕನಿಗೆ ಕೊಡಬೇಕಾದ ಕಾರು ಮತ್ತೆ ನಡುಗುತ್ತಿದೆ ಎಂದು ಹೇಳಿದೆ. ಈಗ ನಾನು ಯಾರ ಮುಂದೆಯೂ ಸತ್ಯವಂತ.

ತಂತಿ ಬಿಚ್ಚಿಟ್ಟೆ, ಮತ್ತೆ ಕಟ್ಟಿಟ್ಟೆ;
ಮೂರು ದಿನದ ಓದಿಗೆ ಎಳ್ಳುನೀರು ಬಿಟ್ಟೆ.

ಮಾರ್ಚ್ ೧೯, ಬುಧವಾರ

ಕೆಡಿಸಿದ್ದನ್ನು ಕಲಿಸಬೇಕಲ್ಲ, ಇಲ್ಲದಿದ್ದರೆ ಮುಂದಿನ ಸಲ ಕೆಡಿಸಲು ಏನಿರುತ್ತದೆ? ಬೆಳಿಗ್ಗೆ ಕಾರನ್ನು ಸುಮ್ಮನೆ ನಿಲ್ಲಿಸಿಕೊಂಡು ಕೂತಿದ್ದೆ. ಕೆಳಮನೆಯ ಟೀಚರ್ ಬಂದು ಗಾಜು ಬಡಿದರು. ನಿವೃತ್ತ ಕವಾಯತು ಟೀಚರ್. ಮೂವತ್ತು ವರ್ಷ ಮೈದಾನದಲ್ಲಿ ಕೂಗಿದ ಗಂಟಲು.

"ಏನ್ರೀ, ಗಾಡಿ ಹೊರಗೆ ತೆಗೀತೀರೋ, ಇಲ್ಲ ನನ್ನ ಕಿಟಕಿಗೆ ಹೊಗೆ ಕುಡಿಸ್ತಾ ಕೂತಿರ್ತೀರೋ?"

"ಅದು ಕಲೀತಾ ಇದೆ ಟೀಚರ್."

"ಯಾರು?"

"ಕಾರು."

ನನ್ನನ್ನು ಮೇಲಿಂದ ಕೆಳಗೆ ನೋಡಿ, ಸುತ್ತಿ ಬಂದು, ಪಕ್ಕದ ಸೀಟಿನಲ್ಲಿ ಕೂತೇಬಿಟ್ಟರು. "ಹಾಗಾದ್ರೆ ಓಡ್ತಾ ಕಲೀಲಿ. ಈಜುಕೊಳಕ್ಕೆ ಬಿಡಿ ನನ್ನ. ಮಂಡಿಗೆ ನೀರೊಂದೇ ಮದ್ದು ಅಂದಿದಾರೆ ಡಾಕ್ಟ್ರು."

ದಾರಿಯುದ್ದಕ್ಕೂ ಕವಾಯತು. "ಎಡಕ್ಕೆ! ಎಡಕ್ಕೆ ಅಂದ್ರೆ ಎಡಕ್ಕೆ! ಬೆನ್ನು ನೇರ! ಸ್ಟೀರಿಂಗ್ ಅಪ್ಪಿಕೊಳ್ಳೋಕಲ್ಲ ಇರೋದು!" ಎರಡು ಸಲ ಆಫ್ ಆಯಿತು. ಹಿಂದೆ ಹಾರ್ನ್ ಹೊಡೆದವನಿಗೆ ಟೀಚರ್ ತಲೆ ಹೊರಹಾಕಿ ಏನೋ ಹೇಳಿದರು. ಅವನು ಆಮೇಲೆ ಹೊಡೆಯಲಿಲ್ಲ.

ಶನಿವಾರವೂ ಬರುತ್ತಾರಂತೆ. ನಾನು ಕರೆಯಲಿಲ್ಲ.

ಮಾರ್ಚ್ ೨೨, ಶನಿವಾರ

ಅಕ್ಕ ಫೋನ್ ಮಾಡಿದಳು. "ಕಾರು?" ಎಂದಳು. ಪರಿಶೀಲನೆಯಲ್ಲಿದೆ ಎಂದೆ. ನಗಲಿಲ್ಲ.

"ಬೇರೆ ಮೇಸ್ತ್ರಿಗೆ ತೋರಿಸಬಾರ್ದೇನೋ?"

"ಇವನು ಒಳ್ಳೆಯವನೇ ಅಕ್ಕಾ. ಕಾಯಿಲೆ ಹಳೇದು."

"ಹೂಂ. ನೋಡು ಹಾಗಾದ್ರೆ. ಸಂಪೂರ್ಣ ಸರಿಯಾಗದೆ ಮಾತ್ರ ನೀನು ದೊಡ್ಡ ರಸ್ತೆಗೆ ತರಬೇಡ. ಇರು, ಭಾವ ಕರೀತಿದಾರೆ."

ನಾಲ್ಕೇ ನಿಮಿಷ. ಹೋದ ವಾರ ಹದಿನೆಂಟು, ಅದರ ಹಿಂದಿನ ವಾರ ಇಪ್ಪತ್ಮೂರು. ಭಾವನಿಗೆ ಕರೆಯಲು ಬೇರೆ ಹೊತ್ತು ಇರಲಿಲ್ಲವೇ?

ನಾಳೆ ತಂತಿ ಬಿಚ್ಚುವ ಕಾರ್ಯಕ್ರಮ. ಎಲ್ಲರಿಗೂ ಆದರದ ಸ್ವಾಗತ.

ಮಾರ್ಚ್ ೨೭, ಗುರುವಾರ

ಅರ್ಧ ದಿನ ರಜೆ ಹಾಕಿ ಮೇಸ್ತ್ರಿಯ ಹತ್ತಿರ ಹೋಗಿದ್ದೆ. ಅಕ್ಕ ಕೇಳಿದರೆ ತೋರಿಸಿದೆ ಎನ್ನಲು ತೋರಿಸಿರಬೇಕಲ್ಲ.

ಎಲ್ಲ ಪೈಪುಗಳನ್ನೂ ಮುಟ್ಟಿ ನೋಡಿದ. ಎಲ್ಲೂ ಗಾಳಿ ಸೋರಿಲ್ಲ. ಒಳಗೆ ಕೂತು ಬಹಳ ಹೊತ್ತು ಡ್ಯಾಶ್‌ಬೋರ್ಡನ್ನೇ ನೋಡಿದ.

"ಸಾರ್, ಈಗ ಗಂಟೆ ಎಷ್ಟು?"

"ಮೂರೂವರೆ."

"ಇದು ಹನ್ನೊಂದು ತೋರಿಸ್ತಿದೆ."

"ಹಳೇ ಗಡಿಯಾರ."

"ಆವತ್ತು ನಾನೇ ಸರಿ ಮಾಡಿ ಕೊಟ್ಟಿದ್ದೆ." ಕೆಳಗಿಳಿದು ಬಾನೆಟ್ ಮುಚ್ಚಿದ. ಸದ್ದಾಗದಂತೆ ಮುಚ್ಚಿದ. "ಕಾರಿಗೆ ಮರೆವಿನ ಕಾಯಿಲೆ ಇಲ್ಲ. ಕೊಡೋಕೆ ಮನಸ್ಸಿಲ್ಲ ಅಂದ್ರೆ ಇಲ್ಲ ಅಂತ ಹೇಳಿಬಿಡಿ ಸಾರ್. ಅದಕ್ಕ್ಯಾಕೆ ದಿನಾ ಒಂದನೇ ಕ್ಲಾಸು?"

ನಾನು ಮೇಜಿನ ಮೇಲಿದ್ದ ಬೋಲ್ಟುಗಳ ಡಬ್ಬಿಯನ್ನು ನೋಡುತ್ತ ನಿಂತಿದ್ದೆ. ಅವನು ಬೇರೆ ಕಾರಿನ ಕೆಳಗೆ ಮಲಗಿ ಕೆಲಸ ಶುರು ಮಾಡಿದ.

ಪದ್ಯ ಹೊಳೆಯುತ್ತಿಲ್ಲ.

ಮಾರ್ಚ್ ೩೧, ಸೋಮವಾರ

ಶನಿವಾರ ಅಕ್ಕನ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ. ಯಾಕೆ ಮಾಡಬೇಕು? ಕೆಟ್ಟಿರುವುದು ಅವಳ ಕಾರು.

ಶನಿವಾರ ಬೆಳಿಗ್ಗೆ ಟೀಚರನ್ನು ಕೊಳಕ್ಕೆ ಬಿಟ್ಟೆ. ಕೊಳದಿಂದ ವಾಪಸು ಬರುವಾಗ ಅವರ ಜೊತೆ ಈಜುವ ಇಬ್ಬರು ಹೆಂಗಸರೂ ಹಿಂದೆ ಹತ್ತಿದರು, ಒದ್ದೆ ಟವೆಲ್ಲುಗಳ ಸಮೇತ. ಒಬ್ಬರ ಮನೆ ಸೇತುವೆಯ ಆಚೆ, ಇನ್ನೊಬ್ಬರದು ಒಂದು ಕಾರಷ್ಟೇ ಅಗಲದ ಓಣಿಯ ಕೊನೆಯಲ್ಲಿ. ಓಣಿಯಿಂದ ಹಿಂದಕ್ಕೇ ಬರಬೇಕಾಯಿತು, ಬಂದೆ. ಆಮೇಲೆ ಟೀಚರ್ ಮನೆಯಲ್ಲಿ ಚಹಾ. ಗೋಡೆಯ ತುಂಬ ಕಪ್ಪುಗಳು, ಶೀಲ್ಡುಗಳು.

"ನಿಮ್ಮಕ್ಕ ಇದ್ದಾಗ ನಿಮ್ಮ ದನಿಯೇ ಕೇಳಿರಲಿಲ್ಲ ನಾನು" ಎಂದರು. "ಮೂಗ ಇರ್ಬೇಕು ಅಂದ್ಕೊಂಡಿದ್ದೆ."

ಅವರ ಬಿಸ್ಕತ್ತು ಮೆತ್ತಗಾಗಿತ್ತು. ಹೇಳಲಿಲ್ಲ.

ಭಾನುವಾರ ಕಾರು ಮತ್ತೆ ಮರೆಯಿತು. ಅಂದರೆ, ಮರೆಸಿದೆ. ಫೋನು ಬಂದರೆ ಹೇಳಲು ಬೇಕಲ್ಲ.

ಏಪ್ರಿಲ್ ೨, ಬುಧವಾರ

ಮಧ್ಯಾಹ್ನ ಕಚೇರಿಗೆ ಫೋನು. ಭಾವ. ಮದುವೆಯಾದಾಗಿನಿಂದ ಅವರು ನನಗೆ ನೇರವಾಗಿ ಫೋನ್ ಮಾಡಿದ್ದು ಇದೇ ಮೊದಲು.

"ಕೆಲಸದ ಮಧ್ಯೆ ತೊಂದರೆ ಆಯ್ತಾ?"

"ಇಲ್ಲ ಭಾವ, ಹೇಳಿ."

"ಅವಳು ಔಷಧಿ ತರೋಕೆ ಹೋಗಿದಾಳೆ. ಅಷ್ಟರೊಳಗೆ ಹೇಳಿಬಿಡ್ತೀನಿ. ನಾನು ಕಾಲು ಮುರ್ಕೊಂಡೆ." ಚಹಾ ಕುಡಿದೆ ಎನ್ನುವ ಹಾಗೆ ಹೇಳಿದರು.

"ಯಾವಾಗ?"

"ಮೂರು ವಾರ ಆಯ್ತು. ಅಂಗಡೀಲಿ ಸ್ಟೂಲ್ ಮೇಲಿಂದ ಬಿದ್ದೆ. ಆಪರೇಷನ್ ಆಯ್ತು. ಗಾಯ ಇನ್ನೂ ಒಣಗಿಲ್ಲ. ಡ್ರೆಸ್ಸಿಂಗಿಗೆ ಅಂತ ಸೋಮವಾರ, ಬುಧವಾರ, ಶುಕ್ರವಾರ ಆಸ್ಪತ್ರೆಗೆ ಹೋಗ್ಬೇಕು. ಎರಡು ಬಸ್ಸು. ಟ್ಯಾಕ್ಸಿ ಗೊತ್ತು ಮಾಡೋಣ ಅಂದ್ರೆ, ‘ಈ ವಾರ ನಮ್ಮ ಕಾರೇ ಬರುತ್ತಲ್ಲ’ ಅಂತಾಳೆ ನಿಮ್ಮಕ್ಕ. ಪ್ರತಿ ವಾರನೂ ಅಂತಾಳೆ."

ನನ್ನ ಮುಂದೆ ಯಾರದೋ ದೂರಿನ ಕಾಗದ ಇತ್ತು. ಅದರ ಅಂಚನ್ನು ಮಡಿಸುತ್ತ ಹೋದೆ.

"ನನಗೆ ಯಾಕೆ ಹೇಳಲಿಲ್ಲ?"

"ನಿಮಗೆ ಹೇಳಬೇಡಿ ಅಂದಿದಾಳೆ. ಹೇಳಿದ್ರೆ ನೀವು ಅರ್ಧಂಬರ್ಧ ರಿಪೇರಿಯಾದ ಕಾರು ತಗೊಂಡು ಹೊರಟುಬಿಡ್ತೀರಿ, ದಾರೀಲಿ ಏನಾದ್ರೂ ಆದ್ರೆ ಅಂತ ಅವಳಿಗೆ ಭಯ. ಮೊನ್ನೆ ಬಸ್ಸಿಳಿಯುವಾಗ ನನ್ನ ಭಾರಕ್ಕೆ ಅವಳೂ ಬಿದ್ದಳು. ಮಂಡಿ ತರಚಿದೆ, ಅಷ್ಟೇ. ಆದ್ರೂ ನನಗೆ ಸಮಾಧಾನ ಇಲ್ಲ. ಕಾರು ಯಾವಾಗ ಆಗಬಹುದು ಅಂತ ಸುಮ್ಮನೆ ಕೇಳೋಣ ಅನ್ನಿಸ್ತು. ಅವಸರ ಇಲ್ಲ."

ಭಾನುವಾರ ತರ್ತೀನಿ ಎಂದೆ.

"ಅವಳು ಬಂದ್ಲು" ಎಂದು ಫೋನಿಟ್ಟರು.

ಏಪ್ರಿಲ್ ೩, ಗುರುವಾರ

ರಜೆ ಹಾಕಿದೆ. ಭಾನುವಾರ ತಂತಿ ಬಿಚ್ಚಿದ ಮೇಲೆ ಕಾರಿಗೆ ಏನೂ ಕಲಿಸಿಯೇ ಇರಲಿಲ್ಲ. ನಿನ್ನೆ ಬೆಳಿಗ್ಗೆಯೂ ನನಗೆ ನೆಗಡಿ ಎಂದು ಟೀಚರಿಗೆ ಹೇಳಿ, ಕೊಳಕ್ಕೆ ಬಿಡುವುದನ್ನು ತಪ್ಪಿಸಿಕೊಂಡಿದ್ದೆ. ಈಗಲೇ ಹೊರಟುಬಿಡೋಣ ಎಂದು ಬೆಳಿಗ್ಗೆ ದೊಡ್ಡ ರಸ್ತೆಯವರೆಗೆ ಹೋದೆ. ಮೂರು ಸಲ ಆಫ್ ಆಯಿತು. ಮೂರನೆಯ ಸಲ ತಿರುವಿನಲ್ಲಿ. ಬ್ರೇಕು ಕಲ್ಲಿನ ಹಾಗೆ ಗಟ್ಟಿಯಾಯಿತು, ಎದುರಿಗೆ ಲಾರಿ. ಲಾರಿಯವನು ತಪ್ಪಿಸಿಕೊಂಡು ಹೋದ. ಅಕ್ಕ ಹೆದರಿದ್ದು ಇದಕ್ಕೇ. ಇದನ್ನು ಹೀಗೆಯೇ ಕೊಟ್ಟಿದ್ದರೆ ಈ ತಿರುವಿನಲ್ಲಿ ಇರುತ್ತಿದ್ದವರು ಅವರಿಬ್ಬರು.

ನೇರ ಮೇಸ್ತ್ರಿಯ ಹತ್ತಿರ ಹೋದೆ. ಏನೂ ಮುಚ್ಚಿಡದೆ ಹೇಳಿದೆ. ಅವನು ಬೈಯಲಿಲ್ಲ, ನಗಲೂ ಇಲ್ಲ.

"ಇವತ್ತು, ನಾಳೆ, ನಾಡಿದ್ದು. ನಾನು ಹೇಳಿದ ಹಾಗೇ ಮಾಡಿ, ಒಂದೂ ತಪ್ಪಿಸ್ಬೇಡಿ. ಭಾನುವಾರ ಹೋಗೋ ಮುಂಚೆ ಇಲ್ಲಿಗೆ ಬನ್ನಿ. ನಾನು ಕೇಳಿ ಹೇಳ್ತೀನಿ."

ಬಂದು ಹತ್ತು ನಿಮಿಷ ಸುಮ್ಮನೆ ನಿಲ್ಲಿಸಿದೆ. ಲೈಟು, ಫ್ಯಾನು ಹಾಕಿ ಇನ್ನೂ ಹತ್ತು ನಿಮಿಷ. ಮುಳ್ಳು ನಡುಗುತ್ತಿತ್ತು. ಅದನ್ನೇ ನೋಡುತ್ತಿದ್ದೆ. ಟೀಚರ್ ಕಿಟಕಿಯಿಂದ ಬಗ್ಗಿದರು, ನನ್ನ ಮುಖ ನೋಡಿ ಏನೂ ಕೂಗದೆ ಹೊರಗೆ ಬಂದು ಪಕ್ಕದಲ್ಲಿ ಕೂತರು. ಎಲ್ಲ ಹೇಳಿದೆ.

"ಸರಿ" ಎಂದರು. "ಸೇತುವೆಯ ಕಡೆ ನಡೀರಿ. ಅಲ್ಲಿ ಏರು ಇದೆ, ಇಳಿಜಾರಿದೆ, ನಾಲ್ಕು ಸಿಗ್ನಲ್ಲಿದೆ."

ಏಪ್ರಿಲ್ ೪, ಶುಕ್ರವಾರ

ಎಂಬತ್ತು ಕಿಲೋಮೀಟರ್. ಒಂದು ಸಲ ಆಫ್ ಆಯಿತು. ಇವತ್ತು ಶುಕ್ರವಾರ, ಅವರು ಬಸ್ಸಿನಲ್ಲೇ ಹೋಗಿರುತ್ತಾರೆ.

ಏಪ್ರಿಲ್ ೫, ಶನಿವಾರ

ಒಂದು ಸಲವೂ ಆಫ್ ಆಗಲಿಲ್ಲ.

ಸಂಜೆ ಅಕ್ಕನಿಗೆ ನಾನೇ ಫೋನ್ ಮಾಡಿದೆ. ನಾಳೆ ಬರ್ತೀನಿ, ಕಾರು ತರ್ತೀನಿ ಎಂದೆ. "ನೀನೇನಾ? ಒಬ್ಬನೇನಾ? ಅಷ್ಟು ದೂರಾನಾ?" ಎಂದಳು. ಹೂಂ ಎಂದೆ. ಭಾವನ ಕಾಲಿನ ಬಗ್ಗೆ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಏಪ್ರಿಲ್ ೬, ಭಾನುವಾರ

ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಏಳಕ್ಕೆ ಮೇಸ್ತ್ರಿ ಶೆಡ್ಡಿನ ಬಾಗಿಲು ತೆಗೆದು, ಬಾನೆಟ್ಟಿಗೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕೇಳಿ, "ಹೋಗಿ ಬನ್ನಿ" ಎಂದ. ದಾರಿಯಲ್ಲಿ ಹೇಳುವಂಥದ್ದೇನೂ ಆಗಲಿಲ್ಲ. ಒಂದು ಕಡೆ ರಸ್ತೆ ಕೆಲಸ, ಸಾಲಿನಲ್ಲಿ ಇಪ್ಪತ್ತು ನಿಮಿಷ ನಿಲ್ಲಬೇಕಾಯಿತು. ನಿಂತಿತ್ತು.

ಅಕ್ಕ ಗೇಟಿನಲ್ಲೇ ಕಾದಿದ್ದಳು. ಬಲಗಾಲನ್ನು ಸ್ವಲ್ಪ ಎಳೆದು ನಡೆಯುತ್ತಾಳೆ. ಭಾವ ಊರುಗೋಲಿನ ಮೇಲೆ ಬಾಗಿಲಿಗೆ ಬಂದರು. ಮದುವೆಯ ದಿನ ನೋಡಿದ್ದಕ್ಕಿಂತ ಅರ್ಧ ಆಗಿದ್ದಾರೆ. ಅವಳು ಮೊದಲು ನನ್ನ ಮುಖ ನೋಡಿದಳು, ಆಮೇಲೆ ಎಂಜಿನ್ ಆರಿಸಬೇಡ ಎಂದು ಕೈ ಮಾಡಿದಳು. ಕಾರಿನ ಸುತ್ತ ಒಂದು ಸುತ್ತು ಬಂದು ಕಿಟಕಿಯಿಂದ ತಲೆ ಒಳಹಾಕಿ ಮುಳ್ಳು ನೋಡಿದಳು.

"ಏನೋ ಇದು! ಉಸಿರಾಡ್ತಿದೆಯೋ ಇಲ್ವೋ ಅಂತಾನೇ ಗೊತ್ತಾಗಲ್ಲ. ಇದು ಹೊಸದಾಗಿದ್ದಾಗಲೂ ಹೀಗೆ ನಿಂತಿರಲಿಲ್ಲ." ಭಾವನ ಕಡೆ ತಿರುಗಿದಳು. "ನಾನು ಹೇಳ್ಲಿಲ್ವಾ ನಿಮಗೆ? ತಡವಾದ್ರೂ ಪುಟ್ಟ ಸರಿಯಾಗಿ ಮಾಡಿಸ್ಕೊಂಡೇ ಬರ್ತಾನೆ ಅಂತ."

ಭಾವ ತಲೆಯಾಡಿಸಿದರು. ನನ್ನ ಕಡೆ ನೋಡಲಿಲ್ಲ.

"ನಾಳೆ ಹತ್ತಕ್ಕೆ ಆಸ್ಪತ್ರೆ. ಆರಾಮಾಗಿ ಒಂಬತ್ತೂವರೆಗೆ ಹೊರಟ್ರೆ ಸಾಕು" ಎಂದಳು ಅಕ್ಕ. ಹೇಳುತ್ತ ಹೇಳುತ್ತ ಅವಳ ಭುಜಗಳು ಇಳಿದವು. ಅಷ್ಟು ದಿನ ಎತ್ತಿಹಿಡಿದಿದ್ದಳೆಂದು ಆಗ ಗೊತ್ತಾಯಿತು. "ಆ ಮೇಸ್ತ್ರಿಗೆ ಏನಾದ್ರೂ ಕೊಡ್ಬೇಕು ಕಣೋ. ಪಾಪ, ತಿಂಗಳಿಡೀ ಒದ್ದಾಡಿದಾನೆ."

ಹೂಂ ಎಂದರೆ ಮುಗಿಯುತ್ತಿತ್ತು.

"ಅವನು ಒಂದೇ ದಿನದಲ್ಲಿ ಸರಿ ಮಾಡಿದ್ದ ಅಕ್ಕಾ" ಎಂದೆ. "ಮಾರ್ಚ್ ಹನ್ನೆರಡಕ್ಕೇ ಕಾರು ಸರಿಯಾಗಿತ್ತು. ಪ್ರತಿ ಭಾನುವಾರ ನಾನೇ ಬ್ಯಾಟರಿ ತಂತಿ ಬಿಚ್ಚಿ ಕೆಡಿಸ್ತಿದ್ದೆ. ಸರಿಯಾದ್ರೆ ನೀನು ಫೋನ್ ಮಾಡಲ್ಲ ಅಂತ."